ಬಿಲಕ್ಕಿಳಿದವಳ ಕೂಲಿ

ಸಾಕಿದ ಫೆರೆಟ್‌ಗೆ ಹಸಿ ಮಾಂಸ ಹಾಕುವುದು ಇತ್ತೀಚಿನ ಶೋಕಿ ಎಂದು ಬಹಳ ಜನ ತಿಳಿದಿದ್ದಾರೆ. ಇಂಗ್ಲೆಂಡಿನ ಸೌತ್ ಯಾರ್ಕ್‌ಷೈರ್‌ನಲ್ಲಿ ಪಶುವೈದ್ಯನಾಗಿರುವ ನನ್ನನ್ನು ಫೆರೆಟ್ ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಅದೇ: ಕಿಬಲ್ ಎಂಬ ಒಣ ಗುಳಿಗೆಯ ಆಹಾರ ಬಿಡಿಸಿ ಹಸಿ ಮಾಂಸಕ್ಕೆ ಒಗ್ಗಿಸಬಹುದೇ? ಹೌದು ಅಥವಾ ಇಲ್ಲ ಎನ್ನುವ ಮೊದಲು ಈ ಪ್ರಾಣಿಯ ಊಟದ ಚರಿತ್ರೆಯನ್ನು ಸ್ವಲ್ಪ ಹೇಳಬೇಕೆನಿಸುತ್ತದೆ. ಎರಡು ಸಾವಿರ ವರ್ಷಗಳಿಂದ ಅದರ ಬಟ್ಟಲಿಗೆ ಏನು ಬೀಳಬೇಕು ಎಂಬುದನ್ನು ತೀರ್ಮಾನಿಸುತ್ತ ಬಂದದ್ದು ಸಾಕಿದವರ ಅನುಕೂಲ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ದನ, ಎಮ್ಮೆ, ಕುರಿ, ಕೋಳಿಗಳ ಬಗ್ಗೆ ಓದಿ ಬಂದ ನನಗೆ ಫೆರೆಟ್ ಪರಿಚಯವಾದದ್ದು ಇಲ್ಲಿಗೆ ಬಂದ ಮೇಲೆ. ನೋಡಿದವರು ಮುಂಗುಸಿ ಎಂದುಕೊಳ್ಳಬಹುದು, ಆದರೆ ಕುಲ ಬೇರೆ. ತುಂಗಭದ್ರೆಯಲ್ಲಿ ಮೀನು ಹಿಡಿಯುವ ನಮ್ಮ ನೀರುನಾಯಿಯ ಬಳಗಕ್ಕೆ ಸೇರಿದ್ದು. ಯುರೋಪಿನ ಕಾಡುಗಳಲ್ಲಿರುವ ಪೋಲ್‌ಕ್ಯಾಟ್ ಎಂಬ ಪ್ರಾಣಿಯನ್ನು ಪಳಗಿಸಿ ಮಾಡಿಕೊಂಡ ಜಾತಿ ಇದು. ಗಂಡನ್ನು ಹಾಬ್, ಹೆಣ್ಣನ್ನು ಜಿಲ್ ಎನ್ನುತ್ತಾರೆ. ಅಪ್ಪಟ ಮಾಂಸಾಹಾರಿ. ಕರುಳು ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಯೊಳಗೆ ಹೊರಗೆ ಬಂದುಬಿಡುತ್ತದೆ. ನಾರನ್ನೂ ಪಿಷ್ಟವನ್ನೂ ಅರಗಿಸಿಕೊಳ್ಳಲು ಆ ಕರುಳಿಗೆ ಪುರುಸೊತ್ತಿಲ್ಲ.

ಗ್ರೀಕ್ ಭೂಗೋಳಕಾರ ಸ್ಟ್ರೇಬೊ ಸ್ಪೇನಿನ ಮೊಲಗಳ ಹಾವಳಿಯ ಬಗ್ಗೆ ಬರೆಯುತ್ತ, ಆಫ್ರಿಕಾದಿಂದ ತಂದ ಇಂಥ ಪ್ರಾಣಿಗಳ ಬಾಯಿ ಕಟ್ಟಿ ಬಿಲಕ್ಕೆ ಬಿಡುತ್ತಿದ್ದರು ಎಂದು ಹೇಳಿದ್ದಾನೆ. ಬಾಲಿಯಾರಿಕ್ ದ್ವೀಪಗಳ ಜನ ಮೊಲಗಳ ಕಾಟ ತಾಳಲಾರದೆ ಸೈನ್ಯ ಕಳಿಸಿ ಎಂದು ಅಗಸ್ಟಸ್ ಚಕ್ರವರ್ತಿಗೆ ಮೊರೆಯಿಟ್ಟರು ಎಂದು ಬರೆದ ಪ್ಲಿನಿ ಕೂಡ ಈ ಬೇಟೆಯನ್ನು ಬಲ್ಲ. ಬಾಯಿ ಕಟ್ಟುತ್ತಿದ್ದುದಕ್ಕೆ ಕಾರಣವಿದೆ. ಫೆರೆಟ್ ಮೊಲವನ್ನು ಹೊರಗೆ ಅಟ್ಟಬೇಕು, ಮೊಲ ಬಂದು ಬಿಲದ ಬಾಯಿಗೆ ಹಾಸಿದ ಬಲೆಗೆ ಬೀಳಬೇಕು. ಒಳಗೇ ಕೊಂದರೆ ಫೆರೆಟ್ ಅಲ್ಲೇ ಹೊಟ್ಟೆ ತುಂಬ ತಿಂದು ಅಲ್ಲೇ ಮಲಗಿಬಿಡುತ್ತದೆ. ಆಮೇಲೆ ಬೇಟೆಗಾರ ಗುದ್ದಲಿ ಹಿಡಿದು ನೆಲ ಅಗೆಯಬೇಕು. ತೀರ ಹಸಿದದ್ದು ಒಳಗೇ ಕೊಲ್ಲುತ್ತದೆ, ಉಂಡು ತಣಿದದ್ದು ಕೆಲಸಕ್ಕೆ ಏಳುವುದಿಲ್ಲ. ಅದರ ಹಸಿವನ್ನು ಅಳತೆಯಲ್ಲಿಡುವುದೇ ಈ ಕಸುಬಿನ ದೊಡ್ಡ ವಿದ್ಯೆ.

ಇಂಗ್ಲೆಂಡಿಗೆ ಮೊಲ ಬಂದದ್ದು ನಾರ್ಮನ್ನರ ಕಾಲದಲ್ಲಿ. ಮೊಲದ ಮಾಂಸಕ್ಕೂ ತುಪ್ಪಳಕ್ಕೂ ಆಗ ಒಳ್ಳೆಯ ಬೆಲೆ. ಹಾಗಾಗಿ ಫೆರೆಟ್ ಇಟ್ಟುಕೊಳ್ಳುವುದು ಅಂತಸ್ತಿನ ಪ್ರಶ್ನೆಯಾಯಿತು. 1390ರಲ್ಲಿ ಎರಡನೇ ರಿಚರ್ಡ್ ಕಾಲದ ಕಾನೂನು, ವರ್ಷಕ್ಕೆ 40 ಷಿಲಿಂಗ್ ಹುಟ್ಟುವಳಿಯ ಜಮೀನಿಲ್ಲದ ಕೂಲಿಗಳೂ ಕುಶಲಕರ್ಮಿಗಳೂ ಬೇಟೆನಾಯಿ, ಫೆರೆಟ್, ಬಲೆಗಳನ್ನು ಬಳಸಬಾರದೆಂದಿತು. ಮೀರಿದವರಿಗೆ ಒಂದು ವರ್ಷ ಸೆರೆಮನೆ. ತಮ್ಮ ಬೆಳೆ ತಿನ್ನುವ ಮೊಲವನ್ನು ಹಿಡಿಯುವ ಹಕ್ಕು ಗೇಣಿ ರೈತರಿಗೆ ಗಟ್ಟಿಯಾಗಿ ಸಿಕ್ಕಿದ್ದು 1880ರ ಕಾಯ್ದೆಯಿಂದ. ಕಾನೂನು ಏನೇ ಹೇಳಲಿ, ಬಡವರು ರಾತ್ರಿ ಹೊತ್ತು ಕೋಟಿನೊಳಗೆ ಫೆರೆಟ್ ಇಟ್ಟುಕೊಂಡು ಹೋಗುತ್ತಲೇ ಇದ್ದರು.

ಆದರೆ ಹಿಡಿದ ಮೊಲ ಮನೆಯ ಪಾತ್ರೆಗೋ ಪೇಟೆಗೋ ಹೋಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಫೆರೆಟ್‌ನ ಪಾಲಿಗೆ ಉಳಿದದ್ದು ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಇದು ತಲೆತಲಾಂತರ ನಡೆದ ಪದ್ಧತಿ. ಅಗ್ಗ, ಕೈಗೆ ಸಿಗುವಂಥದ್ದು. ಅದನ್ನೇ ತಿಂದು ಭೇದಿ ನಿಲ್ಲದೆ, ಮೈ ಒಣಗಿದ ಪ್ರಾಣಿಗಳು ಎಷ್ಟೋ. ಹಾಲಿನ ಸಕ್ಕರೆ ಆ ಕರುಳಿಗೆ ಒಗ್ಗುವುದಿಲ್ಲ, ಬ್ರೆಡ್ಡಿನಲ್ಲಿ ಅದಕ್ಕೆ ಬೇಕಾದ ಟಾರೀನ್ ಎಂಬ ಪೋಷಕಾಂಶ ಇಲ್ಲ.

ಎಲ್ಲರೂ ಹಾಗಿರಲಿಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಒಂದು ಚಳಿಗಾಲದ ಬೆಳಿಗ್ಗೆ ಅವರ ಹಿಂದೆ ಹೊಲದ ಬದುವಿಗೆ ಹೋಗಿದ್ದೆ. ಬಿಲಗಳಿಗೆಲ್ಲ ಬಲೆ ಹಾಸಿ, ಪೆಟ್ಟಿಗೆಯಿಂದ ಜಿಲ್ ಒಂದನ್ನು ತೆಗೆದು ಒಳಗೆ ಬಿಟ್ಟರು. ತುಸು ಹೊತ್ತಿಗೆ ನೆಲದಡಿ ಧಡಧಡ ಸದ್ದಾಯಿತು, ಬಲೆ ಎಗರಿ ಬಿಗಿಯಿತು. ಅವರು ಮೊಲದ ಕತ್ತು ಮುರಿದು, ಹೊಟ್ಟೆ ಸೀಳಿ, ಲಿವರನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಮಗುಚಿ ಮಗುಚಿ ನೋಡಿದರು. ಬಿಳಿ ಚುಕ್ಕೆಗಳಿದ್ದರೆ ಅದು ಕಾಕ್ಸಿಡಿಯಾ ರೋಗದ ಗುರುತು; ಅಂಥ ಲಿವರನ್ನು ಅವರು ಎಸೆದುಬಿಡುತ್ತಾರೆ. ಇದರಲ್ಲಿ ಚುಕ್ಕೆಯಿರಲಿಲ್ಲ. ಪಿತ್ತದ ಚೀಲ ಕಿತ್ತು, ಬಿಸಿ ಆರುವ ಮೊದಲೇ ಜಿಲ್‌ಗೆ ಕೊಟ್ಟರು. ಬಿಲಕ್ಕಿಳಿದವಳಿಗೆ ಮೊದಲ ಕೂಲಿ, ಮಿಕ್ಕವರದ್ದು ಆಮೇಲೆ, ಎಂದರು. ಆಳದ ಗಣಿಗೆ ಇಳಿದು ಬದುಕಿದವರ ಬಾಯಲ್ಲಿ ಬಂದ ಆ ಮಾತಿನ ತೂಕವೇ ಬೇರೆ. ಇವತ್ತು ಪ್ಯಾಕೆಟ್ಟಿನಲ್ಲಿ ಬರುವ ಹಸಿ ಆಹಾರದ ಹಿಂದೆ ಇರುವುದು ಈ ಹಳೆಯ ಕೂಲಿಯೇ.

1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ಮೊಲಗಳ ಪಿಡುಗು ಬ್ರಿಟನ್ನಿಗೆ ಬಂತು. ಕೆಲವೇ ವರ್ಷಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಮೊಲಗಳು ಸತ್ತವು. ಫೆರೆಟ್‌ನ ಕೆಲಸವೂ ಹೋಯಿತು, ಕೂಲಿಯೂ ಹೋಯಿತು. ಆ ಹೊತ್ತಿಗಾಗಲೇ ಅದಕ್ಕೆ ಬೇರೆ ದಾರಿ ತೆರೆದಿತ್ತು. 1933ರಲ್ಲಿ ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್, ಲೇಡ್‌ಲಾ ಎಂಬ ವಿಜ್ಞಾನಿಗಳು ಫ್ಲೂ ಬಂದವರ ಗಂಟಲ ದ್ರವದಿಂದ ಫೆರೆಟ್‌ಗಳಿಗೆ ಸೋಂಕು ಹತ್ತಿಸಿ, ಮನುಷ್ಯರ ಫ್ಲೂ ವೈರಸ್ಸನ್ನು ಗುರುತಿಸಿದ್ದರು. ಅಮೆರಿಕದಲ್ಲಿ 1939ರಿಂದಲೇ ಫೆರೆಟ್ ಬೆಳೆಸಿ ಮಾರುವ ಮಾರ್ಷಲ್ ಫಾರ್ಮ್ಸ್ ಇತ್ತು. 1980ರ ದಶಕದಲ್ಲಿ ಅಲ್ಲಿ ಫೆರೆಟ್ ಜನಪ್ರಿಯ ಮುದ್ದಿನ ಪ್ರಾಣಿಯಾಯಿತು.

ಸಾಲುಸಾಲು ಪಂಜರಕ್ಕೂ ಪಟ್ಟಣದ ಫ್ಲ್ಯಾಟಿಗೂ ಮೊಲದ ಲಿವರ್ ಹೊಂದುವುದಿಲ್ಲ. ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗಳ ಮೇವು, ಬೆಕ್ಕಿನ ಮರಿಗಳ ಕಿಬಲ್ ಇದರ ಬಟ್ಟಲಿಗೆ ಬಂದವು. ಇಂಥ ಒಣ ಆಹಾರದ ಹಳೆಯ ರೂಪವಾದ ನಾಯಿ ಬಿಸ್ಕತ್ತನ್ನು ಜೇಮ್ಸ್ ಸ್ಪ್ರಾಟ್ ಲಂಡನ್ನಿನಲ್ಲಿ ವ್ಯಾಪಾರಕ್ಕಿಳಿಸಿದ್ದು 1860ರ ಸುಮಾರಿಗೆ. ಹಿಟ್ಟನ್ನು ಒತ್ತಡದಲ್ಲಿ ಬೇಯಿಸಿ ಅಚ್ಚಿನಿಂದ ಉಬ್ಬಿಸಿ ತೆಗೆಯುವ ಇಂದಿನ ಕಿಬಲ್ 1950ರ ದಶಕದ್ದು. ಉಬ್ಬಿ ಗಟ್ಟಿಯಾಗಿ ನಿಲ್ಲಲು ಅದರಲ್ಲಿ ಪಿಷ್ಟ ಇರಲೇಬೇಕು. ಪಿಷ್ಟ ಬೇಕಾದದ್ದು ಯಂತ್ರಕ್ಕೆ, ತಿನ್ನಬೇಕಾದದ್ದು ಫೆರೆಟ್. ಹಾಗೆಂದು ಕಿಬಲ್ಲನ್ನು ನಾನು ಹಳಿಯುವುದಿಲ್ಲ. ಟಾರೀನ್, ವಿಟಮಿನ್ ಲೆಕ್ಕ ಹಾಕಿ ಸೇರಿಸಿದ ಒಳ್ಳೆಯ ಕಿಬಲ್ಲು ಹಾಲು ಬ್ರೆಡ್ಡಿಗಿಂತ ಎಷ್ಟೋ ಮೇಲು.

ಹಸಿ ಮಾಂಸದ ಕಡೆ ಜನ ಮತ್ತೆ ತಿರುಗಿದ್ದು ಭಯದಿಂದ. ನಾಲ್ಕು ವರ್ಷ ದಾಟಿದ ಫೆರೆಟ್‌ಗಳಲ್ಲಿ ಇನ್ಸುಲಿನೋಮ ಎಂಬ ಮೇದೋಜೀರಕದ ಗಡ್ಡೆ ಸಾಮಾನ್ಯ. ರಕ್ತದ ಸಕ್ಕರೆ ದಿಢೀರನೆ ಇಳಿದು, ಹಿಂಗಾಲು ಸೋತು, ಪ್ರಾಣಿ ಜೊಲ್ಲು ಸುರಿಸುತ್ತ ಶೂನ್ಯವನ್ನು ನೋಡುತ್ತ ನಿಲ್ಲುತ್ತದೆ. ಪಿಷ್ಟವೇ ಕಾರಣವೆಂದು ಸಾಕಿದವರು ಅನುಮಾನಿಸುತ್ತಾರೆ. ಅನುಮಾನಕ್ಕೆ ಆಧಾರವಿದೆ, ಸಾಬೀತಾಗಿಲ್ಲ.

ಹಸಿ ಆಹಾರಕ್ಕೂ ಅದರದೇ ಕಹಿ ಚರಿತ್ರೆಯಿದೆ. 1932ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಚಾಸ್ಟೆಕ್ ಎಂಬುವರ ಫಾರ್ಮಿನ ನರಿಗಳು ಕಾಲು ಸೋತು ಸಾಯತೊಡಗಿದವು. ಅವಕ್ಕೆ ಹಾಕುತ್ತಿದ್ದ ಹಸಿ ಮೀನಿನಲ್ಲಿ ಬಿ1 ವಿಟಮಿನ್ ನಾಶಮಾಡುವ ಕಿಣ್ವ ಇತ್ತು. ಚಾಸ್ಟೆಕ್ ಪಾರ್ಶ್ವವಾಯು ಎಂದೇ ಹೆಸರಾದ ಆ ರೋಗ ಮಿಂಕ್, ಫೆರೆಟ್‌ಗಳಿಗೂ ತಪ್ಪಿದ್ದಲ್ಲ. ಫ್ಲೂ ವಿಷಯವೂ ಹಾಗೆಯೇ. ಪ್ರಯೋಗಾಲಯದಲ್ಲಿ ಫೆರೆಟ್ ಉಪಯೋಗಕ್ಕೆ ಬಂದದ್ದೇ ಅದಕ್ಕೆ ಫ್ಲೂ ಸುಲಭವಾಗಿ ಹತ್ತುವುದರಿಂದ. ಹಸಿ ಆಹಾರ ತಿಂದ ಬೆಕ್ಕುಗಳು ಹಕ್ಕಿಜ್ವರದಿಂದ ಸತ್ತ ಮೇಲೆ, 2025ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ, ಹಸಿ ಕೋಳಿಮಾಂಸ ಬಳಸುವ ಬೆಕ್ಕು ನಾಯಿ ಆಹಾರದ ತಯಾರಕರು ಹಕ್ಕಿಜ್ವರದ ಎಚ್5ಎನ್1 ವೈರಸ್ಸಿನ ಅಪಾಯವನ್ನು ಗಮನಿಸಲೇಬೇಕೆಂದಿತು. ಫೆರೆಟ್ ಸಾಕಿದವರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಇನ್ನು ಒಗ್ಗಿಸುವ ಬಗೆ. ಯಾವುದು ಊಟ ಎಂಬುದನ್ನು ಫೆರೆಟ್ ಹುಟ್ಟಿದ ಮೊದಲ ಕೆಲವು ತಿಂಗಳಲ್ಲೇ ಮೂಗಿನಿಂದ ಕಲಿಯುತ್ತದೆ. ಕಿಬಲ್ ತಿಂದೇ ಬೆಳೆದದ್ದರ ಮುಂದೆ ಕೋಳಿ ರೆಕ್ಕೆ ಇಟ್ಟರೆ ಮೂಸಿ, ಮೂತಿ ತಿರುಗಿಸಿ, ಖಾಲಿ ಬಟ್ಟಲಿನ ಹತ್ತಿರ ಹೋಗಿ ಕೂರುತ್ತದೆ. ಹಸಿದಾಗ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವಬಾರದು. ಒಳಗೆ ಗಡ್ಡೆಯಿದ್ದರೆ ಜೀವಕ್ಕೇ ಸಂಚಕಾರ. ಕಿಬಲ್ಲನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಚಿಟಿಕೆಯಷ್ಟು ಕೈಮಾ ಬೆರೆಸಿ, ತುಟಿಗೆ ಸವರಿ ರುಚಿ ಹತ್ತಿಸಬೇಕು. ವಾರಗಟ್ಟಲೆ ತಾಳ್ಮೆಯಿಂದ ಮಾಂಸದ ಪಾಲು ಹೆಚ್ಚಿಸಬೇಕು. ಟಾರೀನ್‌ಗೆ ಹೃದಯ, ಸುಣ್ಣಕ್ಕೆ ಹಸಿ ಮೂಳೆ, ಲಿವರ್ ಮಿತವಾಗಿ. ಬೆಂದ ಮೂಳೆ ಸಿಗಿಯುವುದರಿಂದ ಅದು ಬೇಡವೇ ಬೇಡ.

ಈಗ ಮುದ್ದಿಗೆ ಸಾಕಿದ ಫೆರೆಟ್‌ನಿಂದ ನಮಗೆ ಮೊಲವೂ ಬೇಡ, ತುಪ್ಪಳವೂ ಬೇಡ. ಎರಡು ಸಾವಿರ ವರ್ಷಗಳಲ್ಲಿ ಅದರಿಂದ ಏನನ್ನೂ ಕೇಳದೆ ಸಾಕುತ್ತಿರುವ ಮೊದಲ ತಲೆಮಾರು ನಮ್ಮದೇ ಇರಬೇಕು. ಆದ್ದರಿಂದ ನನ್ನಲ್ಲಿಗೆ ಬಂದವರಿಗೆ ಹೇಳುವುದಿಷ್ಟು: ಹೃದಯ, ಲಿವರ್, ಮೂಳೆಗಳನ್ನು ದಿನವೂ ತೂಗಿ ಕೊಡುವ, ಮಾಂಸ ಎಲ್ಲಿಂದ ಬಂತೆಂದು ವಿಚಾರಿಸುವ, ಮಾಂಸ ಕತ್ತರಿಸಿದ ಹಲಗೆಯನ್ನು ಉಜ್ಜಿ ತೊಳೆಯುವ ವ್ಯವಧಾನ ಇದ್ದರೆ ಧಾರಾಳವಾಗಿ ಹಸಿ ಮಾಂಸಕ್ಕೆ ಬನ್ನಿ. ಅಷ್ಟು ವ್ಯವಧಾನವಿಲ್ಲದ ಮನೆಯಲ್ಲಿ ಮಾಂಸ ಹೆಚ್ಚಿದ್ದು ಪಿಷ್ಟ ಕಡಿಮೆಯಿರುವ ಕಿಬಲ್ಲೇ ಇರಲಿ. ಎರಡರಲ್ಲಿ ಯಾವುದನ್ನೇ ಆರಿಸಿದರೂ ಆ ಗಿಡ್ಡ ಕರುಳನ್ನು ನೋಡಿ ಆರಿಸಿ.