ಸೂಳೆಕೆರೆ ದಂಡೆಯಿಂದ ಸೂರಗೊಂಡನಕೊಪ್ಪದವರೆಗೆ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಕಡಲತೀರಕ್ಕೆ ಹೋದವರು ಕಾಡು, ಕಡಲು ನೋಡುವುದರ ಜೊತೆಗೆ ಜೂಲು ಜನರ ಮಣಿ ಕೆಲಸವನ್ನೂ ಮೆಚ್ಚಿ ಬರುತ್ತಾರೆ. ನಮ್ಮ ದಾವಣಗೆರೆ ಜಿಲ್ಲೆಗೆ ಕಡಲಿಲ್ಲ. ಆದರೆ ಕಾಡಿದೆ, ನೀರಿದೆ, ಬಟ್ಟೆಯ ಮೇಲೆ ಕನ್ನಡಿ ಹೊಲಿಯುವ ಲಂಬಾಣಿಗರ ಪರಂಪರೆಯೂ ಇದೆ!

ಜಗಳೂರಿನಿಂದ ಹೊರಟರೆ ಮೊದಲು ರಂಗಯ್ಯನದುರ್ಗದ ಕುರುಚಲು ಕಾಡು. ನಾಲ್ಕು ಕೊಂಬಿನ ಕೊಂಡುಕುರಿಗಾಗಿಯೇ 2011ರಲ್ಲಿ ಇದು ಅಭಯಾರಣ್ಯವಾಯಿತು. ಚನ್ನಗಿರಿಗೆ ಬಂದರೆ ಕೆಳದಿ ಚೆನ್ನಮ್ಮನ ಹೆಸರು ಹೊತ್ತ ಊರು, ಬೆಟ್ಟದ ಮೇಲಿನ ಕೋಟೆ. ಅದೇ ತಾಲ್ಲೂಕಿನಲ್ಲಿ ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹರಿದ್ರಾವತಿ ಹಳ್ಳವನ್ನು ನಿಲ್ಲಿಸಿದ ಕೆರೆ. ಕಟ್ಟಿಸಿದವಳು ಶಾಂತವ್ವ ಎನ್ನುತ್ತದೆ ಜನಪದ ಕಥೆ. ಮುಂದೆ ಹೊನ್ನಾಳಿಯಲ್ಲಿ ತುಂಗಭದ್ರೆ.

ಕೋಟೆಗೆ ಕಲ್ಲಿದೆ, ಕೆರೆಗೆ ಕಥೆಯಿದೆ. ದಾರಿಯುದ್ದಕ್ಕೂ ಸಿಗುವ ತಾಂಡಾಗಳಿಗೆ?

ಲಂಬಾಣಿಗರು ಒಂದು ಕಾಲಕ್ಕೆ ಈ ದೇಶದ ಸಾಗಾಟಗಾರರು. ಸಾವಿರಾರು ಎತ್ತುಗಳ ಹಿಂಡು ಕಟ್ಟಿಕೊಂಡು ಕಡಲತೀರದ ಉಪ್ಪನ್ನು ಒಳನಾಡಿಗೆ ತಂದರು, ದವಸವನ್ನು ಊರಿಂದೂರಿಗೆ ಸಾಗಿಸಿದರು. ಯುದ್ಧಗಳಿಗೂ ಅವರು ಬೇಕಿತ್ತು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ತಂದುಕೊಟ್ಟವರಲ್ಲಿ ಅವರೂ ಇದ್ದರು.

ಆಮೇಲೆ ಬಂಡಿರಸ್ತೆ ಬಂತು, ರೈಲು ಬಂತು. ಎತ್ತಿನ ಬೆನ್ನಿನ ವ್ಯಾಪಾರ ಮುಳುಗಿತು. ಅದು ಸಾಲದೆಂಬಂತೆ 1871ರಲ್ಲಿ ಬ್ರಿಟಿಷರು ಕೆಲವು ಜನಾಂಗಗಳನ್ನೇ 'ಹುಟ್ಟು ಅಪರಾಧಿಗಳು' ಎಂದು ಪಟ್ಟಿ ಮಾಡುವ ಕಾಯ್ದೆ ತಂದರು. ಹಲವು ಕಡೆ ಲಂಬಾಣಿಗರಿಗೂ ಆ ಹಣೆಪಟ್ಟಿ ಬಿತ್ತು. ಯಾರ ಉಪ್ಪು ತಿಂದಿದ್ದರೋ ಅವರನ್ನೇ ಕಳ್ಳರೆಂದು ಕರೆದರು... ಕಾಯ್ದೆ ರದ್ದಾದದ್ದು 1952ರಲ್ಲಿ. ಅನುಮಾನದ ನೋಟ ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ಅಲೆದಾಟದ ಈ ಜನಕ್ಕೆ ತಮ್ಮದೆನ್ನುವ ಒಂದು ನೆಲ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಸಂತ ಸೇವಾಲಾಲರು 1739ರಲ್ಲಿ ಇಲ್ಲಿ ಹುಟ್ಟಿದರೆಂದು ನಂಬುತ್ತಾರೆ. ಫೆಬ್ರವರಿಯಲ್ಲಿ ನಡೆಯುವ ಜಯಂತಿಗೆ ಬೇರೆ ಬೇರೆ ರಾಜ್ಯಗಳಿಂದ ಭಕ್ತರು ಬರುತ್ತಾರೆ. ಅವರ ಚರಿತ್ರೆ ಶಾಸನಗಳಲ್ಲಿ ಸಿಗುವುದು ಕಡಿಮೆ. ಅದು ಇರುವುದು ಅಜ್ಜಿಯರ ಹಾಡಿನಲ್ಲಿ, ಕಸೂತಿಯಲ್ಲಿ, ಗೋರ್ ಬೋಲಿ ಎಂಬ ಅವರ ಮಾತಿನಲ್ಲಿ. ಆ ಮಾತಿಗೆ ಸ್ವಂತ ಲಿಪಿಯಿಲ್ಲ. ಆಡುವವರು ಬಿಟ್ಟರೆ ಹಾಡೂ ಹೋಯಿತು.

ಕೆರೆ ನೋಡಲು ಹೋದಾಗ ಫೋಟೋ ತೆಗೆದು ವಾಪಸಾಗಬೇಡಿ. ನ್ಯಾಮತಿ ಕಡೆಗೂ ಹೋಗಿ. ತಾಂಡಾದ ಹಿರಿಯರೊಬ್ಬರನ್ನು ಅವರ ಅಜ್ಜ-ಮುತ್ತಜ್ಜಂದಿರು ಯಾವ ದಾರಿ ಹಿಡಿದು ಬಂದರೆಂದು ಕೇಳಿ, ಬರೆದಿಟ್ಟುಕೊಳ್ಳಿ.