ಬರ್ಬರರು ಯಾರು?

ದಿನಪತ್ರಿಕೆಯಲ್ಲಿ ‘ಬರ್ಬರ ಹತ್ಯೆ’ ಎಂಬ ತಲೆಬರಹವನ್ನು ಕಂಡಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ಕತ್ತಿ, ನೆತ್ತರು. ಇಂಗ್ಲಿಷಿನ ‘ಬಾರ್ಬೇರಿಯನ್’ ಎಂಬ ಮಾತಿನದೂ ಅದೇ ಪಾಡು. ಆದರೆ ಈ ಶಬ್ದ ಹುಟ್ಟಿದಾಗ ಅದಕ್ಕೂ ಕತ್ತಿಗೂ ಸಂಬಂಧವಿರಲಿಲ್ಲ, ಸಂಬಂಧವಿದ್ದದ್ದು ಕಿವಿಗೆ.

ಪ್ರಾಚೀನ ಗ್ರೀಕರಿಗೆ ಅನ್ಯರ ನುಡಿಯೆಲ್ಲ ‘ಬರ್ ಬರ್’ ಎಂದು ಕೇಳಿಸಿತು. ಗ್ರೀಕ್ ಬಾರದವನು ‘ಬಾರ್ಬರೋಸ್’ ಆದನು. ಹೋಮರನು ಕಾರಿಯಾ ನಾಡಿನವರನ್ನು ‘ಬರ್ಬರ ನುಡಿಯವರು’ ಎಂದದ್ದು ಈ ಅರ್ಥದಲ್ಲಿಯೇ. ಸಂಸ್ಕೃತದ ‘ಬರ್ಬರ’ ಶಬ್ದಕ್ಕೂ ತೊದಲುವವನೆಂಬ ಅರ್ಥವುಂಟು. ವೈಯಾಕರಣರಂತೂ ಪದದ ಅಶುದ್ಧ ಪ್ರಯೋಗವನ್ನೇ ‘ಬಾರ್ಬರಿಸ್ಮಸ್’ ಎಂದು ಕರೆದರು. ಕ್ರಿ. ಪೂ. 480ರಲ್ಲಿ ಪಾರಸಿಕರು ಅಥೆನ್ಸನ್ನು ಸುಟ್ಟರು. ಆ ಯುದ್ಧಗಳ ತರುವಾಯ ಶಬ್ದಕ್ಕೆ ದ್ವೇಷವೂ ತಿರಸ್ಕಾರವೂ ಅಂಟಿಕೊಂಡವು. ಗ್ರೀಕರ ಲೆಕ್ಕದಲ್ಲಿ ತಾವೂ ಬರ್ಬರರೇ ಆಗಿದ್ದ ರೋಮನರು ಅದನ್ನು ಎರವಲು ಪಡೆದು, ಉತ್ತರದ ಜರ್ಮನ್ ಕುಲಗಳಿಗೆ ದಾಟಿಸಿದರು! ಲ್ಯಾಟಿನ್ನಿನ ಮೂಲಕ ಇಂಗ್ಲಿಷನ್ನು ಸೇರಿ, ಕಡೆಗೆ ಅದು ಕ್ರೌರ್ಯಕ್ಕೇ ಹೆಸರಾಯಿತು.

ಈ ಕಥೆಯಲ್ಲಿ ಕನ್ನಡಕ್ಕೂ ಒಂದು ಪಾತ್ರವುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಅಚ್ಚಾದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕಿದ ಗ್ರೀಕ್ ತರುಣಿಯನ್ನು ಅವಳ ಕಡೆಯವರು, ಇಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುತ್ತಾರೆ. ಆ ಪರಿವಾರದವರ ಅರ್ಥವಾಗದ ಮಾತೇ ನೋಡುಗರಿಗೆ ನಗೆ. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಅದು ಕನ್ನಡವಿರಬಹುದೆಂದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಅರ್ಥ ಬಿಡಿಸಲು ಶ್ರಮಿಸಿದರು. 1926ರಲ್ಲಿ ಬಾರ್ನೆಟ್ ಇದನ್ನು ಅಲ್ಲಗಳೆದರು. ಅದು ತುಳು ಎಂದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಯಾರ ವಾದ ಗೆದ್ದರೂ ನನಗೆ ಮುಖ್ಯವಾಗಿ ತೋರುವುದು ಬೇರೆ. ಗ್ರೀಕ್ ನೋಡುಗರು ನಕ್ಕು ಬಿಟ್ಟ ಮಾತಿನಲ್ಲಿ ಅರ್ಥವಿದ್ದೀತೆಂದು ನಮ್ಮ ಹಿರಿಯರು ಕಿವಿಗೊಟ್ಟರಲ್ಲ, ಅದು.

ಆ ತಾಳ್ಮೆ ನನಗೆ ಒಮ್ಮೆ ಇಲ್ಲವಾಯಿತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ನನ್ನ ಪ್ರಶ್ನೆಗೆ ತನ್ನ ಮನೆಮಾತಿನ ಧಾಟಿಯಲ್ಲೇ ಉತ್ತರ ಹೇಳಿದ. ತರಗತಿ ಗೊಳ್ಳೆಂದಿತು. ಗದರಿಸಬೇಕಾದ ನಾನೂ ನಕ್ಕೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ವರ್ಷವೆಲ್ಲ ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ.

ಈಗ ಪಾಠದಲ್ಲಿ ‘ಬರ್ಬರ’ ಎಂಬ ಶಬ್ದ ಬಂದಾಗಲೆಲ್ಲ ಅದರ ಹುಟ್ಟನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತೇನೆ. ಉದಾಹರಣೆಗೆ ಗ್ರೀಸಿನವರೆಗೆ ಹೋಗಬೇಕಾಗಿಲ್ಲವೆಂಬುದನ್ನು ಮಾತ್ರ ಅವರಿಗೆ ಹೇಳಲು ಇನ್ನೂ ಧೈರ್ಯ ಬಂದಿಲ್ಲ.