ಒಂದೇ ಮಾತ್ರೆ, ಎರಡು ಭಯ

ಇವತ್ತು ಆಸ್ಪಿರಿನ್ ಕಥೆ. 1940ರ ದಶಕ, ಅಮೆರಿಕದ ಗ್ಲೆಂಡೇಲ್. ಟಾನ್ಸಿಲ್ ಆಪರೇಷನ್ ಆದವರಿಗೆ ಡಾಕ್ಟರ್ ಲಾರೆನ್ಸ್ ಕ್ರೇವನ್ ನೋವಿಗೆ ಅಂತ ಆಸ್ಪಿರಿನ್ ಬೆರೆಸಿದ ಚೂಯಿಂಗ್ ಗಮ್ ಕೊಡ್ತಿದ್ರು. ಜಾಸ್ತಿ ಅಗಿದವರಿಗೆ ರಕ್ತ ಸುಲಭಕ್ಕೆ ನಿಲ್ತಿರಲಿಲ್ಲ. ಹಾಗಾದ್ರೆ ಹಾರ್ಟ್ ಅಟ್ಯಾಕ್ ತರೋ ಹೆಪ್ಪನ್ನೂ ಇದು ತಡೀಬಹುದಲ್ವಾ? 1950ರಲ್ಲಿ ಬರೆದರು, ವೈದ್ಯಲೋಕ ಅಷ್ಟಾಗಿ ಕಿವಿಗೊಡಲಿಲ್ಲ.

1988ರಲ್ಲಿ ಐಸಿಸ್-2 ಅಧ್ಯಯನದ ಫಲಿತಾಂಶ ಬಂತು. 17,187 ರೋಗಿಗಳು. ಹಾರ್ಟ್ ಅಟ್ಯಾಕ್ ಶುರುವಾದಾಗಿಂದ ಒಂದು ತಿಂಗಳು ಆಸ್ಪಿರಿನ್ ತಗೊಂಡವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು 23% ಕಮ್ಮಿ!

ಆದರೆ ಕಿಡ್ನಿ ತೀರಾ ಕೆಟ್ಟವರನ್ನು ಇಂಥ ಎಷ್ಟೋ ಅಧ್ಯಯನಗಳು ಹೊರಗಿಟ್ಟವು. ಅವರಿಗೆ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚು. ರಕ್ತದಲ್ಲಿ ಕಲ್ಮಶ ಉಳಿದು ಪ್ಲೇಟ್‌ಲೆಟ್ ಸೋಲೋದ್ರಿಂದ ರಕ್ತಸ್ರಾವದ ಅಪಾಯವೂ ಹೆಚ್ಚು. ಬಿಕಾಂ ಓದಿದ ನನ್ನ ಕಣ್ಣಿಗೆ ಇದು ಒಂದೇ ಮಾತ್ರೆ ಲಾಭ, ನಷ್ಟ ಎರಡೂ ಕಡೆ ಬರೆಸಿಕೊಳ್ಳೋ ಲೆಕ್ಕ.

ನಮ್ಮ ಮಾವನಿಗೆ ಸ್ಟೆಂಟ್ ಇದೆ, ಡಯಾಲಿಸಿಸ್ಸೂ ನಡೀತಿದೆ. ವಸಡಲ್ಲಿ ರಕ್ತ ಕಂಡ ದಿನ "ಮಾತ್ರೆ ಬಿಟ್ಬಿಡ್ಲೇನೋ?" ಅಂದ್ರು. ಸ್ಟೆಂಟ್ ಇರೋರು ತಾವಾಗೇ ಬಿಟ್ರೆ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಾಗಾಗಿ ಹಾರ್ಟ್ ಡಾಕ್ಟರ್, ಕಿಡ್ನಿ ಡಾಕ್ಟರ್ ಇಬ್ಬರನ್ನೂ ಕೇಳಿ. ಒಬ್ಬರು ಬರೆದ ಚೀಟಿ ಇನ್ನೊಬ್ಬರಿಗೆ ತೋರಿಸಿ.